ಲೆಕ್ಕ ಕೇಳುವದು ಅಪನಂಬಿಕೆಯೋ?

ಒಬ್ಬನ ಕೈಗೆ ಒಂದು ವಸ್ತುವನ್ನು ನಂಬಿ ಒಪ್ಪಿಸಿದ ಮೇಲೆ ಅದರ ಲೆಕ್ಕವನ್ನು ಕೇಳಬಹುದೋ? ಕೇಳಿದರೆ ನಂಬಿಕೆಯು ಎಲ್ಲಿ ಉಳಿಯಿತು? ಅಫೀಮಿನ ಜಾತಿಯ ಪದಾರ್ಥಗಳಿಗೆ ದಾಸರಾದವರ ಚಿಕಿತ್ಸೆಯಲ್ಲಿ ಈ ಪ್ರಶ್ನೆಯು ದಿನಾಲು ಏಳುತ್ತದೆ.

ಅಮೇರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಡೋಲ್, ನೈಸ್ವಾಂಡರ್ ಎಂಬಿಬ್ಬರು ವೈದ್ಯರು ಹೆರೊಯಿನ್ ಚಟಕ್ಕೆ ಸಿಕ್ಕಿದವರಿಗೆ ಮೆಥಡೋನ್ ಎಂಬ ಔಷಧವನ್ನು ಕೊಟ್ಟು, ಅದರ ಫಲವನ್ನು 1965ರಲ್ಲಿ ಪ್ರಕಟಿಸಿದರು. ದಿನಕ್ಕೊಂದಾವರ್ತಿ ಕುಡಿದರೆ ಅದು ಮೈಯ ಸಂಕಟವನ್ನೂ ಚಟದ ಆಶೆಯನ್ನೂ ಅಡಗಿಸುವದು. ರೋಗಿಯು ಕೆಲಸಕ್ಕೆ ಹೋಗಿ ಮನೆಯವರನ್ನು ಸಾಕಬಲ್ಲನು. ಆದರೆ ಅಭ್ಯಾಸವಾದವನಿಗೆ ಹಿತವಾದ ಅದೇ ಪ್ರಮಾಣವು ಒಂದು ಕೂಸಿನ ಉಸಿರನ್ನು ನಿಲ್ಲಿಸಬಲ್ಲದು. ಆದಕಾರಣ ಹೊಸ ರೋಗಿಗಳು ಹೆಚ್ಚಾಗಿ ದಿನಾಲು ಚಿಕಿತ್ಸಾಲಯಕ್ಕೆ ಬಂದು ದಾದಿಯ ಕಣ್ಮುಂದೆ ಕುಡಿಯಬೇಕಾಗಿತ್ತು. ಒಂದು ತಿಂಗಳಿನ ಔಷಧವನ್ನು ಮನೆಗೆ ಒಯ್ಯಲು ಎರಡು ವರುಷ ಚಿಕಿತ್ಸೆಯಲ್ಲಿರಬೇಕಿತ್ತು. 2020ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿದಾಗ, ಸ್ಥಿರವಾಗಿರುವ ರೋಗಿಗೆ 28 ದಿವಸಗಳ ಔಷಧವನ್ನು ಮನೆಗೆ ಕೊಡಬಹುದೆಂದು ಅಲ್ಲಿಯ ಸರಕಾರವು ಅಪ್ಪಣೆ ಕೊಟ್ಟಿತು. 2024ರಲ್ಲಿ ಈ ಸಡಿಲಿಕೆಯನ್ನು ನಿಯಮದಲ್ಲಿಯೇ ಸೇರಿಸಿತು.

ಮನೆಗೆ ಕೊಟ್ಟದ್ದಕ್ಕೆ ಲೆಕ್ಕವುಂಟು. ಔಷಧವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ಕೆಲವು ಚಿಕಿತ್ಸಾಲಯಗಳಲ್ಲಿ ರೋಗಿಯನ್ನು ಥಟ್ಟನೆ ಕರಸಿ, ಬರಿದಾದ ಮತ್ತು ತುಂಬಿದ ಸೀಸೆಗಳನ್ನು ಎಣಿಸುವರು, ಮೂತ್ರವನ್ನೂ ಪರೀಕ್ಷಿಸುವರು. ಇದು ಅವಮಾನವಲ್ಲವೋ? ಸಭೆಯ ಕಾಣಿಕೆಯನ್ನು ಇಬ್ಬರು ಕೂಡಿ ಎಣಿಸುವಾಗ ಯಾವ ಹಿರಿಯನೂ ತನ್ನನ್ನು ಕಳ್ಳನೆಂದರೆಂದು ನೊಂದುಕೊಳ್ಳುವದಿಲ್ಲ. ಆ ಎಣಿಕೆಯು ಅವನ ಹೆಸರನ್ನು ಕಾಯುತ್ತದೆ. ಹಾಗೆಯೇ ಸೀಸೆಗಳ ಎಣಿಕೆಯು ಮನೆಯ ಕೂಸನ್ನು ಕಾಯುವದು. ಔಷಧವನ್ನು ತಮಗೆ ಮಾರೆಂದು ಪೀಡಿಸುವ ಹಳೆಯ ಗೆಳೆಯರಿಂದ ರೋಗಿಯನ್ನೂ ಕಾಯುವದು.

ಆದರೆ ಲೆಕ್ಕ ಕೇಳುವವನಿಗೂ ಒಂದು ಲೆಕ್ಕವುಂಟು. ಒಂದು ಸೀಸೆ ಕಡಿಮೆಯಾದರೆ ಅವನು ಏನು ಮಾಡುವನು? ಕೂಡಲೆ ಹೊರಗೆ ಹಾಕಿದರೆ, ಔಷಧವಿಲ್ಲದವನು ತಿರಿಗಿ ಹೆರೊಯಿನಿಗೆ ಹೋಗಿ ಸಾಯುವ ಭಯವುಂಟು. ಅದನ್ನು ಕಂಡ ಉಳಿದವರು ಸುಳ್ಳನ್ನು ಕಲಿಯುವರು. ಸುಳ್ಳಿನಲ್ಲಿಯೂ ಮರಣವುಂಟು. ಯಾಕಂದರೆ ಕೆಲವು ದಿವಸ ಔಷಧ ಬಿಟ್ಟವನಿಗೆ ಹಿಂದಿನ ಪ್ರಮಾಣವೇ ಅಪಾಯಕರವಾಗಬಹುದು. ಅವನು ನಿಜ ಹೇಳಿದರೆ ವೈದ್ಯನು ಅದನ್ನು ತಗ್ಗಿಸಬಲ್ಲನು. ಆದದರಿಂದ ಮೊದಲು ಕಾರಣವನ್ನು ಕೇಳಿ, ಬೇಕಾದರೆ ಕೆಲವು ಕಾಲ ಕಣ್ಮುಂದೆ ಕುಡಿಯುವ ಕ್ರಮಕ್ಕೆ ತಂದು, ಚಿಕಿತ್ಸೆಯನ್ನು ಮಾತ್ರ ನಿಲ್ಲಿಸದೆ ನಡಿಸುವದೇ ನ್ಯಾಯವು.

ಕುಡಿತವನ್ನು ಬಿಡಲು ಹೆಣಗುವ ತಮ್ಮನು ನಮ್ಮ ಮನೆಯಲ್ಲಿದ್ದರೆ ನಾವೂ ಲೆಕ್ಕ ಕೇಳೋಣ. ಆದರೆ ಅವನು ತಪ್ಪನ್ನು ತಾನೇ ಬಂದು ಒಪ್ಪಿಕೊಂಡ ದಿವಸ ಬಾಗಲನ್ನು ಮುಚ್ಚದಿರೋಣ.