ಹೆಸರಿನ ಋಣ

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ನಮ್ಮೂರಿನ ಒಂದು ಹೋಟೆಲಿಗೆ ಹೋಗಿದ್ದೆ. ಬಾಗಿಲ ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ಹೋಟೆಲಿನ ಹೆಸರೂ ಅದರದೇ. ಮಗು ಒಳಗೆಲ್ಲ ಕಣ್ಣಾಡಿಸಿ, "ತಾತಾ, ಹುಲಿ ಎಲ್ಲಿ?" ಎಂದಿತು. ಮಾಣಿ ನಕ್ಕ, ನಾನೂ ನಕ್ಕೆ. ಆದರೆ ಕಾಫಿ ಮುಗಿದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅಂಗಡಿಗೆ ಪ್ರಾಣಿಯ ಹೆಸರಿಡುವುದು ಇಂದು ನಿನ್ನೆಯ ಮಾತಲ್ಲ. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡ್ 1393ರಲ್ಲಿ ಪಾನಗೃಹಗಳೆಲ್ಲ ಫಲಕ ತೂಗುಹಾಕಬೇಕೆಂದು ವಿಧಿಸಿದ. ಓದು ಬಾರದ ಜನಕ್ಕೆ ಚಿತ್ರವೇ ಅಕ್ಷರ. ಅವನ ಲಾಂಛನವಾಗಿದ್ದ ಬಿಳಿ ಸಾರಂಗ 'ವೈಟ್ ಹಾರ್ಟ್' ಎಂಬ ಹೆಸರಿನಲ್ಲಿ ಇಂದಿಗೂ ಅಲ್ಲಿನ ಪಬ್ಬುಗಳ ಮುಂದೆ ತೂಗುತ್ತಿದೆ. ಕಾಡಿನಲ್ಲಿ ಒಂದೂ ಸಿಂಹವಿಲ್ಲದ ಆ ದೇಶದಲ್ಲಿ 'ರೆಡ್ ಲಯನ್'ಗಳಿಗಂತೂ ಲೆಕ್ಕವಿಲ್ಲ. ಹಾಡುವವರೂ ಹಿಂದೆ ಬಿದ್ದವರಲ್ಲ. ಬಡ್ಡಿ ಹಾಲಿಯ ತಂಡ ರಾತ್ರಿ ಚಿರ್ರೆನ್ನುವ ಹುಳುವಿನ ಹೆಸರು ಹೊತ್ತು 'ಕ್ರಿಕೆಟ್ಸ್' ಆಯಿತು. ಅವರನ್ನು ಮೆಚ್ಚಿದ ಲಿವರ್‌ಪೂಲಿನ ಹುಡುಗರು ಇನ್ನೊಂದು ಹುಳುವಿನ ಹೆಸರನ್ನು ಒಂದಕ್ಷರ ತಿರುಚಿ 'ಬೀಟಲ್ಸ್' ಆದರು.

ಇದರಲ್ಲಿ ತಪ್ಪೇನು? ಹುಳುವಿಗೇನೂ ನಷ್ಟವಿಲ್ಲವಲ್ಲ ಎನ್ನಬಹುದು. ಆದರೆ ನಾವು ಯಾರ ಹೆಸರನ್ನು ಆರಿಸುತ್ತೇವೆ ನೋಡಿ. ನಾನು ಕುಡಿದ ಕಾಫಿಗೆ ಹಾಲು ಕೊಟ್ಟದ್ದು ಎಮ್ಮೆ. ಎಮ್ಮೆಯ ಹೆಸರಿಟ್ಟ ಹೋಟೆಲನ್ನು ನಾನಂತೂ ಕಂಡಿಲ್ಲ. ಆ ಹೆಸರು ನಮಗೆ ಬೈಗುಳಕ್ಕೆ ಮೀಸಲು. ಹಾಲೂಡಿದವಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಹೆದರಿಸಿದವನನ್ನು ಬಾಗಿಲ ಮೇಲೆ ಕೂರಿಸುತ್ತೇವೆ. ನಮಗೆ ಬೇಕಾದದ್ದು ಹುಲಿಯಲ್ಲ, ಹುಲಿಯ ಠೀವಿ.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಆನೆಮರಿ 'ಅಪ್ಪು' ನಿಮಗೆ ನೆನಪಿರಬಹುದು. ಆಗ ನನ್ನ ಮಗನ ನೋಟುಬುಕ್ಕಿನ ಮೇಲೂ ಅದರ ಚಿತ್ರವಿತ್ತು. ಅದರ ಹೆಸರಿನಲ್ಲಿ ದೆಹಲಿಯಲ್ಲಿ 1984ರಲ್ಲಿ 'ಅಪ್ಪು ಘರ್' ಎಂಬ ಮಕ್ಕಳ ಮೋಜಿನ ತಾಣವೂ ಎದ್ದಿತು. ಆದರೆ ಆ ಚಿತ್ರದ ಹಿಂದೆ ಕುಟ್ಟಿನಾರಾಯಣನ್ ಎಂಬ ನಿಜವಾದ ಆನೆಯೊಂದಿತ್ತು. ಏಳನೆಯ ವಯಸ್ಸಿನಲ್ಲಿ ಅದು ಮಲಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿತು. ಆ ಗಾಯ ಕಡೆಗೂ ವಾಸಿಯಾಗಲಿಲ್ಲ. 2005ರಲ್ಲಿ ಅದು ಸತ್ತಿತು. ಅಪ್ಪು ಘರ್ ಮಾತ್ರ 2008ರವರೆಗೂ ನಡೆಯಿತು.

ಎಷ್ಟೋ ವರ್ಷ ನನಗಿದು ಗೊತ್ತೇ ಇರಲಿಲ್ಲ. ಯಾರೂ ಹೇಳಲಿಲ್ಲ ಎಂದು ಜಾರಿಕೊಳ್ಳಬಹುದು. ನಿಜವೆಂದರೆ ನಾನು ಕೇಳಲೇ ಇಲ್ಲ. ಚಿತ್ರ ಅಷ್ಟು ಮುದ್ದಾಗಿತ್ತು.

ಹೆಸರಿಡುವುದೇ ಬೇಡವೆಂದು ನಾನು ಹೇಳಲಾರೆ. ಫಲಕದ ಮೇಲಿನ ಹುಲಿಯೂ ಇಲ್ಲದಿದ್ದರೆ ಮಗುವಿಗೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದರೆ ಹೆಸರು ಪಡೆಯುವುದೆಂದರೆ ಸಾಲ ಪಡೆದಂತೆ. ತೀರಿಸಲಾಗದಿದ್ದರೂ, ಕೊಟ್ಟವರು ಹೇಗಿದ್ದಾರೆಂದು ಒಮ್ಮೆ ವಿಚಾರಿಸುವುದು ಸಾಲಗಾರನ ಮರ್ಯಾದೆ.

ಹಿಂದಿರುಗುವಾಗ, "ಹುಲಿ ಬಂಡೀಪುರದ ಕಾಡಿನಲ್ಲಿದೆ ಪುಟ್ಟಿ" ಎಂದೆ. ಅವಳು ಸ್ವಲ್ಪ ಯೋಚಿಸಿ, "ಅಲ್ಲಿ ಅದಕ್ಕೆ ಊಟ ಸಿಗುತ್ತಾ?" ಎಂದಳು. ಅಷ್ಟು ಕೇಳಲು ನನಗೆ ಇಷ್ಟು ವಯಸ್ಸು ಬೇಕಾಯಿತು.