ಗಟ್ಟಿತನ ಯಾರಿಗಾಗಿ?

ಕುಕ್ಕರಿನ ಕರಿಯ ಹಿಡಿಯೂ ಬಚ್ಚಲಿನ ಬಕೆಟ್ಟೂ ನಮ್ಮ ಬಾಯಲ್ಲಿ ಪ್ಲಾಸ್ಟಿಕ್ಕೇ. ಆದರೆ ಸ್ವಭಾವ ಬೇರೆ. ಸೀಳಿದ ಬಕೆಟ್ಟನ್ನು ಕಾದ ಕಬ್ಬಿಣದಿಂದ ಬೆಸೆಯಬಹುದು. ಕರಗಿಸಿ ಬೇರೇನಾದರೂ ಮಾಡಬಹುದು. ಮುರಿದ ಹಿಡಿಯನ್ನು ಕಾಯಿಸಿದರೆ ಕರಕಲಾಗುತ್ತದೆಯೇ ಹೊರತು ಕರಗುವುದಿಲ್ಲ. ಅದು ಬೇಕಲೈಟ್. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಶಾಸ್ತ್ರಜ್ಞ ಅಮೆರಿಕದಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಇದನ್ನು ತಯಾರಿಸಿದ. ಅಚ್ಚಿನಲ್ಲಿ ಬಿಸಿಯೂ ಒತ್ತಡವೂ ತಾಗಿದಾಗ ಅಣುಗಳ ಸರಪಳಿಗಳು ಒಂದಕ್ಕೊಂದು ಅಡ್ಡಡ್ಡ ಹೆಣೆದುಕೊಂಡುಬಿಡುತ್ತವೆ. ಆಮೇಲೆ ಮರಳುವ ದಾರಿಯಿಲ್ಲ.

ಮನುಷ್ಯರಲ್ಲೂ ಹೀಗೆ ಒಮ್ಮೆಗೇ ಗಟ್ಟಿಯಾದವರನ್ನು ನಾವು ಹೊಗಳುತ್ತೇವೆ. ನಮ್ಮ ಓಣಿಯ ಹಿರಿಯರೊಬ್ಬರು ಬೇರೆ ಜಾತಿಯವನನ್ನು ಮದುವೆಯಾದ ಮಗಳಿಗೆ ಕೊನೆಯವರೆಗೂ ಬಾಗಿಲು ತೆರೆಯಲಿಲ್ಲ. ಆಡಿದ ಮಾತಿಗೆ ತಪ್ಪದವರು ಎಂದು ಜನ ಮೆಚ್ಚಿಕೊಂಡರು. ಅವರ ಹೆಂಡತಿ ಮಾತ್ರ ಮೊಮ್ಮಗುವಿನ ಮುಖ ನೋಡಲು ದೇವಸ್ಥಾನದ ನೆಪ ಹೇಳಬೇಕಾಯಿತು. ಇದು ಸದ್ಗುಣವೇ?

ಹಾಗೆಂದು ಮೆತ್ತಗಿರುವುದೇ ಒಳ್ಳೆಯದೆಂದು ನಾನು ಹೇಳಲಾರೆ. ಹಿಡಿಯೂ ಬಕೆಟ್ಟಿನಂತೆ ಮೆತ್ತಗಾದರೆ ಕೈ ಸುಟ್ಟೀತು. ವರದಕ್ಷಿಣೆ ಕೊಡುವುದಿಲ್ಲ, ಮಗಳ ಓದು ಬಿಡಿಸುವುದಿಲ್ಲ ಎನ್ನುವಾಗ ಬೇಕಲೈಟಿನ ಹಟವೇ ಬೇಕು. ಆದರೆ ಹಿಡಿ ಗಟ್ಟಿಯಾಗಿರುವುದು ತನ್ನ ಪ್ರತಿಷ್ಠೆಗಲ್ಲ, ಹಿಡಿದವರ ಕೈಗಾಗಿ. ಭೀಷ್ಮನ ಪ್ರತಿಜ್ಞೆ ಎಷ್ಟು ಗಟ್ಟಿಯಾಗಿದ್ದರೂ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಕಾಯಲಿಲ್ಲ.

ಮುರಿದ ಬೇಕಲೈಟನ್ನೂ ಪುಡಿಮಾಡಿ ಹೊಸ ಸರಕಿಗೆ ಬೆರೆಸುವುದುಂಟು. ಮನುಷ್ಯರಾದ ನಾವು ಪುಡಿಯಾಗುವವರೆಗೆ ಕಾಯಬೇಕಾಗಿಲ್ಲ. ನನ್ನ ಹಟದಿಂದ ಯಾರ ಕೈ ಉಳಿಯಿತು, ಯಾರ ಕೈ ಸುಟ್ಟಿತು ಎಂದು ಆಗಾಗ ಕೇಳಿಕೊಂಡರೆ ಸಾಕು.