ನಡೆಯದ ಪಂದ್ಯಗಳ ತೀರ್ಪು

ಹೆವಿವೇಯ್ಟ್ ಬಾಕ್ಸಿಂಗಿನ ಹುಚ್ಚಿರುವ ಇಬ್ಬರು ಒಂದೆಡೆ ಕೂತರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. 1967ರ ಮುಹಮ್ಮದ್ ಅಲಿಯೂ 1988ರ ಮೈಕ್ ಟೈಸನ್ನೂ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಜಾರ್ಜ್ ಫೋರ್‌ಮನ್‌ನ ಹೊಡೆತವನ್ನು ಜೋ ಲೂಯಿಸ್ ತಡೆದುಕೊಳ್ಳುತ್ತಿದ್ದನೇ? ಷರತ್ತು ಒಂದೇ: ಇಬ್ಬರೂ ತಮ್ಮ ಉತ್ತುಂಗದಲ್ಲಿರಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ನನ್ನ ತಕರಾರು ಮಾತ್ರ ಈ ಷರತ್ತಿನ ಮೇಲೆಯೇ. ಬಾಕ್ಸರನ ಉತ್ತುಂಗ ಎಂಬುದು ಅವನೊಬ್ಬನ ಮೈಯಲ್ಲಿರುವ ಸ್ವತ್ತಲ್ಲ. ಎದುರಾಳಿಯೂ ಸೇರಿದಾಗಲೇ ಅದು ಹುಟ್ಟುತ್ತದೆ. ಹಾಗಾಗಿ ಅದನ್ನು ಒಂದು ಪಂದ್ಯದಿಂದ ಕಿತ್ತು ಇನ್ನೊಂದರಲ್ಲಿ ನೆಡಲು ಬರುವುದಿಲ್ಲ.

ಅಲಿಯ ಉತ್ತುಂಗ ಯಾವುದೆಂದು ಕೇಳಿದರೆ ಬಲ್ಲವರು ತೋರಿಸುವುದು 1966ರ ನವೆಂಬರ್ 14ರ ರಾತ್ರಿಯನ್ನು. ಹ್ಯೂಸ್ಟನ್‌ನ ಆಸ್ಟ್ರೋಡೋಮ್, ಎದುರಿಗೆ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್. ಆ ಚಿತ್ರೀಕರಣ ಇವತ್ತಿಗೂ ನೋಡಲು ಸಿಗುತ್ತದೆ. ಅಲಿ ಹಿಂದಕ್ಕೆ ಸರಿಯುತ್ತಲೇ ಹೊಡೆಯುತ್ತಾನೆ. ಹೊಡೆತ ತಾಗುವಷ್ಟರಲ್ಲಿ ಅವನ ಪಾದಗಳು ಬೇರೆಲ್ಲೋ ಇರುತ್ತವೆ. ಎರಡನೇ ಸುತ್ತಿನಲ್ಲಿ ವಿಲಿಯಮ್ಸ್ ಮೂರು ಸಲ ಬೀಳುತ್ತಾನೆ, ಮೂರನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸುತ್ತಾನೆ. ಇದಕ್ಕಿಂತ ಚೆಂದದ ಬಾಕ್ಸಿಂಗ್ ನಾನು ನೋಡಿಲ್ಲ. ಆದರೆ ಎದುರಿಗಿದ್ದವನ ಸ್ಥಿತಿ ಏನು? ಎರಡು ವರ್ಷದ ಹಿಂದೆ ಟೆಕ್ಸಾಸ್‌ನ ಹೆದ್ದಾರಿ ಪೊಲೀಸನೊಬ್ಬ ಹಾರಿಸಿದ ಗುಂಡು ಹೊಟ್ಟೆ ಹೊಕ್ಕು ವಿಲಿಯಮ್ಸ್ ಒಂದು ಮೂತ್ರಪಿಂಡ ಕಳೆದುಕೊಂಡಿದ್ದ. ಅವತ್ತು ರಿಂಗಿಗೆ ಹತ್ತಿದ್ದು ಆ ಮೈ. ನಾವು ಅಲಿಯ ಉತ್ತುಂಗ ಎಂದು ಕರೆಯುವುದರಲ್ಲಿ ಆ ಗುಂಡಿನ ಪಾಲೂ ಇದೆ. ಇದರಿಂದ ಅಲಿ ಚಿಕ್ಕವನಾಗುವುದಿಲ್ಲ. ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡು ಟೈಸನ್‌ನನ್ನು ಅಳೆಯುವುದು ಹೇಗೆ?

ಟೈಸನ್ ಪಕ್ಷದವರಿಗೂ ಇದೇ ಪಾಡು. 1988ರ ಜೂನ್‌ನಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು ಅವನು 91 ಸೆಕೆಂಡಿನಲ್ಲಿ ಮಲಗಿಸಿದ್ದನ್ನು ಅವರು ಪುರಾವೆಯಾಗಿ ಇಡುತ್ತಾರೆ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಹತ್ತನೇ ಸುತ್ತಿನಲ್ಲಿ ಟೈಸನ್‌ನನ್ನು ಕೆಡವಿದ್ದನ್ನು ಎತ್ತಿದರೆ, ಅದು ನಿಜವಾದ ಟೈಸನ್ ಅಲ್ಲ ಎನ್ನುತ್ತಾರೆ. ಟೈಸನ್‌ಗೆ ಆಗ ವಯಸ್ಸು 23. ಕೆಲವೇ ವಾರಗಳ ಹಿಂದೆ ತಾಯಿಯನ್ನು ಕಳೆದುಕೊಂಡಿದ್ದ ಡಗ್ಲಸ್ ಆ ರಾತ್ರಿ ಉದ್ದನೆಯ ಜ್ಯಾಬ್‌ಗಳಿಂದ ಟೈಸನ್‌ನನ್ನು ದೂರವೇ ಇಟ್ಟು ಆಡಿದ. ಅದು ಡಗ್ಲಸ್‌ನ ಉತ್ತುಂಗ ಎಂದು ಯಾರೂ ಯಾಕೆ ಹೇಳುವುದಿಲ್ಲ? ಗೆದ್ದ ರಾತ್ರಿಗಳನ್ನು ಮಾತ್ರ ಆಯ್ದು ಉತ್ತುಂಗ ಎಂದು ಹೆಸರಿಟ್ಟರೆ, ಎಲ್ಲರೂ ತಮ್ಮ ಉತ್ತುಂಗದಲ್ಲಿ ಸೋಲಿಲ್ಲದವರೇ ಆಗುತ್ತಾರೆ.

ಈ ವಾದವನ್ನು ಯಂತ್ರಕ್ಕೆ ಒಪ್ಪಿಸಿದ್ದೂ ಆಗಿದೆ. ಮಯಾಮಿಯ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್ ಕಂಪ್ಯೂಟರಿಗೆ ಅಂಕಿಅಂಶ ತುಂಬಿ, 1969ರಲ್ಲಿ ಅಲಿ ಮತ್ತು ರಾಕಿ ಮಾರ್ಸಿಯಾನೋ ಇಬ್ಬರನ್ನೂ ಕರೆಸಿ, ಬಗೆಬಗೆಯ ಅಂತ್ಯಗಳನ್ನು ಚಿತ್ರೀಕರಿಸಿದ. 49 ಪಂದ್ಯಗಳಲ್ಲಿ ಒಂದನ್ನೂ ಸೋಲದ ಮಾರ್ಸಿಯಾನೋ ಇದಕ್ಕಾಗಿ ಮೈ ಇಳಿಸಿ, ವಿಗ್ ತೊಟ್ಟು ಬಂದಿದ್ದ. ಚಿತ್ರ ತೆರೆಗೆ ಬರುವ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅಮೆರಿಕದ ಪ್ರೇಕ್ಷಕರಿಗೆ ತೋರಿಸಿದ ಚಿತ್ರದಲ್ಲಿ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೋ ಗೆಲ್ಲುತ್ತಾನೆ. ಯುರೋಪಿನಲ್ಲಿ ಅಲಿ ಗೆಲ್ಲುವ ಇನ್ನೊಂದು ಅಂತ್ಯವನ್ನು ತೋರಿಸಲಾಯಿತು.

ಯಂತ್ರ ಎಡವುವುದು ಲೆಕ್ಕ ಸಾಲದೆ ಅಲ್ಲ. ಬಲವನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಬಹುದು ಎಂದು ನಂಬಿದ್ದರಿಂದ. 1970ರ ದಶಕದ ನಾಲ್ವರನ್ನು ನೋಡಿ. 1971ರ ಮಾರ್ಚ್ 8ರಂದು ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ಸುತ್ತಿನೊಳಗೆ ಆರು ಸಲ ಕೆಡವಿದ. ಅಲಿಯ ದವಡೆ ಮುರಿದ ಕೆನ್ ನಾರ್ಟನ್ ಕೂಡ ಫೋರ್‌ಮನ್ ಮುಂದೆ ಎರಡೇ ಸುತ್ತು ನಿಂತ. ಆ ಫೋರ್‌ಮನ್‌ನನ್ನು 1974ರ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಎಂಟನೇ ಸುತ್ತಿಗೆ ನೆಲಕ್ಕುರುಳಿಸಿದವನು ಅಲಿ. ಇವರನ್ನು ಸಾಲಾಗಿ ನಿಲ್ಲಿಸಲು ಹೋದರೆ ಸಾಲು ಬಳಸಿಕೊಂಡು ವೃತ್ತವಾಗುತ್ತದೆ.

ಕಾರಣ ತಿಳಿಯಲು ಹತ್ತಿರದಿಂದ ನೋಡಬೇಕು. ಹುಡುಗನಾಗಿದ್ದಾಗ ಫ್ರೇಜಿಯರ್‌ನ ಎಡಗೈಗೆ ಪೆಟ್ಟಾಗಿ, ಆ ತೋಳು ಮತ್ತೆ ಪೂರ್ತಿ ನೆಟ್ಟಗಾಗಲೇ ಇಲ್ಲ. ಮಡಚಿಯೇ ಉಳಿದ ಆ ತೋಳು ಲೆಫ್ಟ್ ಹುಕ್‌ಗೆ ಸದಾ ಸಜ್ಜಾಗಿರುತ್ತಿತ್ತು. ಅವನ ಪಾಳಯದಲ್ಲಿದ್ದ ತರಬೇತುದಾರ ಎಡ್ಡಿ ಫಚ್ ಒಂದು ಸಂಗತಿ ಗಮನಿಸಿದ್ದ: ಅಪ್ಪರ್‌ಕಟ್ ಹೊಡೆಯುವಾಗ ಅಲಿಯ ಬಲಗೈ ಕೆಳಗಿಳಿಯುತ್ತದೆ. ಹದಿನೈದನೇ ಸುತ್ತಿನಲ್ಲಿ ಅಲಿಯನ್ನು ನೆಲಕ್ಕೆ ಹಾಕಿದ್ದು ಆ ಎಡಗೈಯ ಹುಕ್. ಮುಂದೆ ನಾರ್ಟನ್ನಿನ ಹಿಂದೆ ನಿಂತವನೂ ಇದೇ ಫಚ್. ಆದರೆ ತಲೆ ತಗ್ಗಿಸಿ ನುಗ್ಗುವ ಫ್ರೇಜಿಯರ್‌ನ ವರಸೆ ಫೋರ್‌ಮನ್‌ನ ಅಪ್ಪರ್‌ಕಟ್‌ಗೆ ನೇರವಾಗಿ ಮುಖ ಕೊಟ್ಟಂತೆ. ಹಗ್ಗಕ್ಕೊರಗಿ ತೋಳಿನ ಮೇಲೆ ಪೆಟ್ಟು ತಿನ್ನುತ್ತ ಫೋರ್‌ಮನ್‌ನನ್ನು ದಣಿಸುವುದು ಅಲಿಗೆ ಸಾಧ್ಯವಿತ್ತು, ಫ್ರೇಜಿಯರ್‌ಗೆ ಇರಲಿಲ್ಲ. ಬಲ ಎಂದು ನಾವು ಕರೆಯುವುದು ಪ್ರತಿ ಎದುರಾಳಿಯ ಮುಂದೆ ಬೇರೆಯೇ ಆಗುತ್ತದೆ. ಗಾತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ, ಹಳಬರು ಇವತ್ತಿನ ದೈತ್ಯರ ಮುಂದೆ ಉಳಿಯುವುದಿಲ್ಲ ಎನ್ನುವವರು, 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ತನಗಿಂತ ಬಹಳ ಭಾರವಾದ ಟೈಸನ್ ಫ್ಯೂರಿಯನ್ನು ಸೋಲಿಸಿದ್ದನ್ನು ನೋಡಲಿ.

ನನಗೆ ಹೆಚ್ಚು ಮುಖ್ಯವಾದ ಇನ್ನೊಂದು ಮಾತಿದೆ. ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ಒಪ್ಪದ ಅಲಿಯ ಪಟ್ಟ ಕಿತ್ತುಕೊಂಡರು. 1967ರ ಮಾರ್ಚ್‌ನಿಂದ 1970ರ ಅಕ್ಟೋಬರ್ ತನಕ, 25ರಿಂದ 28ರ ವಯಸ್ಸಿನಲ್ಲಿ, ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ಉತ್ತುಂಗ ಆ ಖಾಲಿ ವರ್ಷಗಳಲ್ಲೇ ಕಳೆದುಹೋಯಿತು ಎನ್ನುತ್ತಾರೆ. ಕಾಲಿನ ಚುರುಕಿನ ಮಟ್ಟಿಗೆ ಅದು ನಿಜ. ಆದರೆ ಕಿನ್ಶಾಸಾದ ಹಗ್ಗಕ್ಕೊರಗಿದ ಅಲಿ, ಮನಿಲಾದಲ್ಲಿ ಫ್ರೇಜಿಯರ್ ಎದುರು ಹದಿನಾಲ್ಕು ಸುತ್ತು ತಾಳಿದ ಅಲಿ ಹುಟ್ಟಿದ್ದು ಚುರುಕು ಹೋದ ಮೇಲೆಯೇ. ತಾಳಮದ್ದಳೆಯ ಅರ್ಥಧಾರಿಗಳು ರಾತ್ರಿಯಿಡೀ ವಾದಿಸುತ್ತಾರಲ್ಲ, ಕವಚಕುಂಡಲ ಇದ್ದಿದ್ದರೆ, ಶಾಪ ತಟ್ಟದಿದ್ದರೆ, ರಥದ ಗಾಲಿ ಹೂಳದಿದ್ದರೆ ಎಂದು. ಅಷ್ಟನ್ನೂ ಕಳೆದ ಮೇಲೆ ಉಳಿಯುವವನು ಒಬ್ಬ ಬಿಲ್ಲುಗಾರ, ಕರ್ಣನಲ್ಲ. ಉತ್ತುಂಗದ ಹೆಸರಿನಲ್ಲಿ ನಾವು ಅಲಿಯಿಂದ ಕಳೆಯಲು ಹೊರಡುವುದೂ ಅವನನ್ನು ಅಲಿಯಾಗಿಸಿದ್ದನ್ನೇ.

ಹಾಗಾದರೆ ಈ ವಾದಗಳನ್ನು ಬಿಟ್ಟುಬಿಡಬೇಕೇ? ಬೇಡ. ಗೆಲ್ಲುವವರು ಯಾರು ಎಂಬುದನ್ನು ಬಿಟ್ಟು, ಕೆಳಗಿಳಿದ ಅಲಿಯ ಆ ಬಲಗೈ ಟೈಸನ್ನಿನ ಎಡ ಹುಕ್ಕಿಗೆ ಎಷ್ಟು ಸಲ ಸಿಗುತ್ತಿತ್ತು ಎಂದು ಕೇಳಿದರೆ ಕಣ್ಣು ಚುರುಕಾಗುತ್ತದೆ. ಮತ್ತು ವಾದಿಸಲೇಬೇಕಾದ ಪಂದ್ಯಗಳೂ ಇವೆ. ಅಲಿ ಮತ್ತು ಟೈಸನ್‌ರನ್ನು ಬೇರೆ ಮಾಡಿದ್ದು ಕಾಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಜಾಕ್ ಡೆಂಪ್ಸಿ ಮತ್ತು ಹ್ಯಾರಿ ವಿಲ್ಸ್‌ರನ್ನು ಬೇರೆ ಮಾಡಿದ್ದು ಮನುಷ್ಯರು. 1920ರ ದಶಕದ ಮೊದಲ ವರ್ಷಗಳಲ್ಲಿ ಡೆಂಪ್ಸಿ ಚಾಂಪಿಯನ್, ವಿಲ್ಸ್ ಅವನ ಮುಖ್ಯ ಸವಾಲುಗಾರ, ಆದರೆ ಕಪ್ಪು ವರ್ಣದವನು. ಮಾತು ಒಪ್ಪಂದದ ತನಕ ಬಂದರೂ ಪಂದ್ಯ ನಡೆಯಲಿಲ್ಲ. 1915ರಲ್ಲಿ ಕಪ್ಪು ಚಾಂಪಿಯನ್ ಜಾಕ್ ಜಾನ್ಸನ್ ಪಟ್ಟ ಕಳೆದುಕೊಂಡಂದಿನಿಂದ 1937ರಲ್ಲಿ ಜೋ ಲೂಯಿಸ್ ಗೆಲ್ಲುವ ತನಕ ಯಾವ ಕಪ್ಪು ಬಾಕ್ಸರನಿಗೂ ಆ ಪಟ್ಟಕ್ಕೆ ಸೆಣಸುವ ಅವಕಾಶ ಸಿಗಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ಉಳಿದವರು ತಮ್ಮತಮ್ಮೊಳಗೇ ಹೊಡೆದಾಡಿದರು. ವಿಲ್ಸ್ ಮತ್ತು ಸ್ಯಾಮ್ ಲ್ಯಾಂಗ್‌ಫರ್ಡ್ ಹದಿನೈದಕ್ಕೂ ಹೆಚ್ಚು ಸಲ ಎದುರಾದರು. ಡೆಂಪ್ಸಿಯ ನುಗ್ಗಾಟವನ್ನು ವಿಲ್ಸ್ ಮೊದಲ ನಾಲ್ಕು ಸುತ್ತು ತಡೆದಿದ್ದರೆ, ಹಿಡಿದು ಹೊಡೆಯುವ ಅವನ ವರಸೆಗೆ ಡೆಂಪ್ಸಿಯ ಬಳಿ ಉತ್ತರವಿರುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ನಾನು ತಪ್ಪಿರಬಹುದು. ಇಬ್ಬರೂ ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಕೈಗವಸು ತೊಟ್ಟು ತಯಾರಾಗಿ ಇದ್ದ ವರ್ಷಗಳಲ್ಲಿ ನನ್ನ ಎಣಿಕೆಯನ್ನು ಸುಳ್ಳು ಮಾಡಲು ಒಂದು ಸಂಜೆ ಸಾಕಿತ್ತು.